ಹೂಂಗುಟ್ಟುವ ಕೆಲಸ

ನಲ್ಲಿಯ ವಾಷರು ಹೋಗಿದೆ, ಬರುವಾಗ ಒಂದು ತನ್ನಿ ಎಂದು ಹೆಂಡತಿ ಅಡುಗೆಮನೆಯಿಂದ ಹೇಳಿದಾಗ ದೊಡ್ಡಪ್ಪ ಹೂಂ ಅಂದ. ಅಂದ ಮೇಲೆ ಆ ಹೂಂ ತನ್ನ ಬಾಯಿಂದಲೇ ಬಂದದ್ದೆಂದು ಗೊತ್ತಾಗಿ, ಅಂಗಿಯ ಗುಂಡಿ ಹಾಕುತ್ತಿದ್ದ ಕೈ ಎದೆಯ ಮೇಲೆ ಹಾಗೇ ನಿಂತಿತು. ಎಷ್ಟು ಸಲೀಸಾಗಿ ಬರುತ್ತದೆ ಈ ಸದ್ದು. ನಾಲಗೆ ಏಳಬೇಕಿಲ್ಲ, ತುಟಿ ತೆರೆಯಬೇಕಿಲ್ಲ, ಕೇಳಿಸಿಕೊಂಡಿರಲೂ ಬೇಕಿಲ್ಲ. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ರಾತ್ರಿಯೆಲ್ಲ ಹೊರಳಾಡಿದಿರಲ್ಲ, ಅದು ಯಾರ ಫೋನು ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ ಅಂದಳು. ವಾರ್ಡಿನ ಹಳೇ ನರ್ಸು ಅಂದ. ಏನಂತೆ ಅಂದಳು. ಏನಿಲ್ಲ, ಹಾಗೇ ಸುಮ್ಮನೆ ಅಂದ. ಹಾಗೇ ಸುಮ್ಮನೆ ಯಾರೂ ಫೋನು ಮಾಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಿಮ್ಮ ಆಫೀಸಿನವರ ಸರದಿ ತೋರಿಸುವ ಪರದೆ ಒಬ್ಬರ ಹೆಸರನ್ನೇ ನುಂಗಿಬಿಟ್ಟಿದೆ ಅಣ್ಣಾ ಎಂದು ನರ್ಸು ಮಾತು ಶುರು ಮಾಡಿದ್ದಳು. ಯಾರ ಹೆಸರು ಎಂದು ಹೇಳುವ ಮೊದಲು ಒಂದು ಉಸಿರಿನಷ್ಟು ಬಿಡುವಿತ್ತು. ಆ ಬಿಡುವಿನಲ್ಲಿ ದೊಡ್ಡಪ್ಪನ ಹೊಟ್ಟೆ ತಣ್ಣಗಾಗಿತ್ತು. ಆಮೇಲೆ ಆಕೆ ಮೇಷ್ಟ್ರು ಅಂದಳು. ಎಡಗಿವಿ ಮಾತ್ರ ಕೇಳುವ ನಮ್ಮ ಮೇಷ್ಟ್ರು. ಬೆಳಿಗ್ಗೆಯಿಂದ ಸಂಜೆಯವರೆಗೆ ಪರದೆಯ ಕೆಳಗಿನ ಕುರ್ಚಿಯಲ್ಲೇ ಕೂತಿದ್ದು, ಹೆಸರು ಬಾರದೆ, ಇವತ್ತು ತನ್ನ ಸರದಿ ಇರಲಿಕ್ಕಿಲ್ಲ ಎಂದುಕೊಂಡು ಎದ್ದು ಮನೆಗೆ ಹೋದರಂತೆ. ಡಯಾಲಿಸಿಸ್ ಆಗದೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟಿ ಈಗ ಐಸಿಯುನಲ್ಲಿದ್ದಾರೆ. ನೀವಿದ್ದಿದ್ದರೆ ಹೀಗಾಗ್ತಿತ್ತಾ ಎಂದು ಹೊಗಳಿ ನರ್ಸು ಫೋನಿಟ್ಟಳು. ಬೈದಿದ್ದರೆ ನಿದ್ದೆ ಬರುತ್ತಿತ್ತೋ ಏನೋ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು. ನಿಂತಿದ್ದರೆ ಕಂಬಿ ಹಿಡಿಯುವುದರಲ್ಲೇ ಮನಸ್ಸು ಸ್ವಲ್ಪ ಖರ್ಚಾಗುತ್ತಿತ್ತು. ಡಯಾಲಿಸಿಸ್ ವಾರ್ಡಿನ ಹೊರಗೆ ಉದ್ದನೆಯ ಹಾಲು, ಗೋಡೆಗೆ ಸೇರಿಸಿ ಜೋಡಿಸಿದ ಕುರ್ಚಿಗಳು, ಕುರ್ಚಿಗಳಲ್ಲಿ ಊದಿದ ಪಾದಗಳನ್ನು ಚಾಚಿ ಕೂತ ಜನ. ಬಾಗಿಲಲ್ಲಿ ನಿಂತು ಅವರ ಹೆಸರು ಕೂಗುವುದೇ ಅವನ ಕೆಲಸವಾಗಿತ್ತು, ತಲೆ ಕಪ್ಪಗಿದ್ದಾಗಿನಿಂದ ತಲೆ ಬೆಳ್ಳಗಾಗುವವರೆಗೆ. ಓದಿದ್ದು ಅಕ್ಷರ ಕೂಡಿಸುವಷ್ಟು. ಆದರೆ ಒಮ್ಮೆ ಕೇಳಿದ ಹೆಸರು ಅವನ ತಲೆಯಿಂದ ಅಳಿಸಿ ಹೋದದ್ದಿಲ್ಲ. ಯಾರು ನಿದ್ದೆ ಹೋಗುತ್ತಾರೆ, ಯಾರು ಹೆದರಿ ಶೌಚಾಲಯದಲ್ಲಿ ಅಡಗುತ್ತಾರೆ, ಯಾರಿಗೆ ಕೂಗಿದರೆ ಸಿಟ್ಟು, ಎಲ್ಲ ಗೊತ್ತಿತ್ತು. ಮೇಷ್ಟ್ರಿಗೆ ಕೂಗಿ ಪ್ರಯೋಜನವಿರಲಿಲ್ಲ. ಹತ್ತಿರ ಹೋಗಿ, ಎಡಗಡೆ ಬಗ್ಗಿ, ಸರ್ ನಿಮ್ಮ ಪೀರಿಯಡ್ಡು ಅನ್ನಬೇಕು. ಅವರು ನಕ್ಕು, ಹೋಂವರ್ಕ್ ಮಾಡಿಲ್ಲಪ್ಪ ಎನ್ನುತ್ತ ಏಳುವರು. ಆಮೇಲೆ ಪರದೆ ಬಂತು. ಹಾಲಿನ ಎದುರುಗೋಡೆಗೆ ಅದನ್ನು ತೂಗುಹಾಕುವಾಗ ಏಣಿ ಹಿಡಿದುಕೊಂಡು ನಿಂತಿದ್ದವನೂ ಅವನೇ. ಹೆಸರು ತಾನಾಗಿ ಮೂಡುತ್ತಿತ್ತು, ಒಂದು ಟಿಣ್ ಸದ್ದು. ಕೂಗುವವನು ಇನ್ನು ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವನು ಬಾಗಿಲಲ್ಲಿ ನಿಂತೇ ಇದ್ದ, ಜನ ಅವನ ಪಕ್ಕದಿಂದಲೇ ಒಳಗೆ ಹೋಗುತ್ತಿದ್ದರು, ದಾರಿಗೆ ಅಡ್ಡ ಇಟ್ಟ ಬೀರುವನ್ನು ಬಳಸಿಕೊಂಡು ಹೋದ ಹಾಗೆ.

ಪರದೆಯ ಹಿಂದಿನ ಲೆಕ್ಕವೆಲ್ಲ ಬರೆದದ್ದು ಈಗ ಅವನು ಹೋಗುತ್ತಿರುವ ಆಫೀಸು. ನಿವೃತ್ತಿಯಾದ ಮೇಲೆ ಅವರೇ ಕರೆದರು. ವಾರ್ಡಿನ ಪದ್ಧತಿ ಬಲ್ಲವರೊಬ್ಬರು ಬೇಕು, ಕಂಪ್ಯೂಟರು ಬಾರದಿದ್ದರೇ ಒಳ್ಳೆಯದು ಎಂದರು. ಅಲ್ಲಿನವರೇ ಅವನಿಗೆ ದೊಡ್ಡಪ್ಪ ಎಂದು ಹೆಸರಿಟ್ಟದ್ದು. ಅವನಿಗೆ ಒಬ್ಬ ತಮ್ಮನೂ ಇಲ್ಲ, ಯಾರಿಗೆ ದೊಡ್ಡಪ್ಪನಾಗುವುದು? ಪ್ರೋಗ್ರಾಂ ಬರೆಯುವವಳು ಒಬ್ಬಳು ನಡುವಯಸ್ಸಿನ ಹೆಣ್ಣುಮಗಳು. ಮಾತು, ನಡಿಗೆ, ಟೈಪು ಎಲ್ಲ ರೈಲು ತಪ್ಪಿಹೋಗುವವಳಂತೆ. ಅವಳನ್ನು ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು, ಅವಳೂ ಓ ಅನ್ನುತ್ತಿದ್ದಳು. ಮೊದಲನೆಯ ದಿನ ಅವಳು ಕುರ್ಚಿ ಎಳೆದು ಕೂರಿಸಿ ಹೇಳಿಕೊಟ್ಟಿದ್ದಳು. ಇದು ಜಾವಾಸ್ಕ್ರಿಪ್ಟ್ ದೊಡ್ಡಪ್ಪ, ಪರದೆ ನಡೆಸುವ ಬರಹ. ಈ ಬರಹ ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಪಕ್ಕದಲ್ಲಿ ಇನ್ನೊಂದು ಬರಹ, ಅದು ಟೆಸ್ಟು. ಟೆಸ್ಟಿನ ಒಂದೊಂದು ಸಾಲೂ ಒಂದು ಖಾತ್ರಿಯ ಮಾತು, ಹೀಗೆ ಇರಲೇಬೇಕು ಅನ್ನುವ ಮಾತು. ಹಾಗಿದ್ದರೆ ಹಸಿರು ಬರುತ್ತದೆ, ಇಲ್ಲದಿದ್ದರೆ ಕೆಂಪು. ಮುಂಚೆ ಇದನ್ನೆಲ್ಲ ಬರೀ ಚಿಹ್ನೆಗಳಲ್ಲಿ ಬರೆಯುತ್ತಿದ್ದರು, ಬರೆದವನಿಗೇ ಒಂದು ವಾರದ ಮೇಲೆ ಅರ್ಥವಾಗುತ್ತಿರಲಿಲ್ಲ. ಈಗ ಅದಕ್ಕೆಂದೇ ಯಾರೋ ಪುಣ್ಯಾತ್ಮರು ಸಿದ್ಧಪದಗಳ ಒಂದು ಲೈಬ್ರರಿ ಮಾಡಿಟ್ಟಿದ್ದಾರೆ, ಜೋಡಿಸಿದರೆ ಮನುಷ್ಯರು ಆಡುವ ಮಾತಿನ ಹಾಗೆಯೇ ಇರುತ್ತದೆ. ನೋಡಿ ಎಂದು ಬೆರಳಿಟ್ಟು ಓದಿ, ಕನ್ನಡಕ್ಕೆ ತಿರುಗಿಸಿದಳು. ಪಟ್ಟಿಯಲ್ಲಿ ಮೊದಲನೆಯ ಹೆಸರು ಮೊದಲು ಬಂದವರದ್ದೇ ಆಗಿರಬೇಕು. ಅರ್ಥವಾಯ್ತಾ? ಹೂಂ ಅಂದಿದ್ದ. ಅವಳ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಆಫೀಸಿನಲ್ಲಿ ಅವಳೇ ಮಾಡಿದ ಕಟ್ಟಳೆ ಅದು. ಯಾವ ಟೆಸ್ಟಿನ ಸಾಲೇ ಇರಲಿ, ಕಸುಬು ಗೊತ್ತಿಲ್ಲದವರೊಬ್ಬರ ಮುಂದೆ ಗಟ್ಟಿಯಾಗಿ ಓದಬೇಕು. ಅವರು ಹೂಂ ಅಂದರೆ ಮಾತ್ರ ಒಳಗೆ. ದೊಡ್ಡಪ್ಪನಿಗೆ ಸಂಬಳ ಕೊಡುತ್ತಿದ್ದದ್ದು ಆ ಹೂಂಗೆ. ಏನು ಕೆಲಸ ಎಂದು ಹೆಂಡತಿ ಕೇಳಿದಾಗ, ಕಥೆ ಕೇಳಿ ಹೂಂಗುಟ್ಟುವುದು ಎಂದಿದ್ದ. ಮನೇಲಿ ನಾನು ಹೇಳಿದ್ದಕ್ಕೆ ಇಷ್ಟು ವರ್ಷ ಪುಕ್ಕಟೆ ಮಾಡಿದ್ರಲ್ಲ ಎಂದು ಅವಳು ನಕ್ಕಿದ್ದಳು.

ಆಫೀಸಿನ ಮೆಟ್ಟಿಲಲ್ಲಿ ಮ್ಯಾನೇಜರು ಎದುರಾದರು. ಬೆವರಿದ್ದರು. ಆಸ್ಪತ್ರೆಯ ಮೇಡಂ ಮಧ್ಯಾಹ್ನ ಬರುತ್ತಾರಂತೆ. ತಪ್ಪು ಸಿಕ್ಕಿದೆ, ಒಂದೇ ಹೊತ್ತಿಗೆ ಇಬ್ಬರಿಗೆ ಸರದಿ ಕೊಟ್ಟರೆ ಪಟ್ಟಿಯಲ್ಲಿ ಎರಡನೆಯವರು ಬಂದು ಮೊದಲನೆಯವರ ಜಾಗದಲ್ಲಿ ಕೂತುಬಿಡುತ್ತಾರೆ, ಮೊದಲನೆಯವರ ಹೆಸರು ಮಾಯ. ಟೆಸ್ಟು ಅದನ್ನು ಹಿಡಿಯಬೇಕಿತ್ತು. ಹಿಡಿಯುತ್ತಲೂ ಇತ್ತು. ಗಡಿಬಿಡಿ ಆ ಸಾಲನ್ನು ಸಡಿಲ ಮಾಡಿ ಹಸಿರು ಬರಿಸಿದ್ದಾಳೆ. ಯಾರಿಗೂ ಹೇಳದೆ ಮಾಡಿದ್ದಾಳೆ, ಇದು ಕಣ್ಣಿಗೆ ಮಣ್ಣೆರಚುವ ಕೆಲಸ ಎಂದು ಅವರು ಒಂದೇ ಉಸಿರಿಗೆ ಹೇಳಿ, ಅವಳು ನಿಮಗೆ ಓದಿ ಹೇಳಿದೀನಿ ಅಂತಾಳೆ, ಓದಿದ್ದಳಾ ದೊಡ್ಡಪ್ಪಾ ಎಂದರು. ಕಣ್ಣು ಫೋನಿನ ಮೇಲಿತ್ತು. ಉತ್ತರ ಬರುವ ಮೊದಲೇ ಮೆಟ್ಟಿಲು ಇಳಿಯಲು ಒಂದು ಕಾಲು ಮುಂದಿಟ್ಟಿದ್ದರು. ಆ ಕಾಲನ್ನು ನೋಡುತ್ತ ದೊಡ್ಡಪ್ಪ, ನೆನಪಿಲ್ಲ ಅಂದ. ಅವರು ತಲೆಯಾಡಿಸಿ ಇಳಿದು ಹೋದರು. ನೆನಪಿಲ್ಲ ಎನ್ನುವ ಮಾತನ್ನು ಅವನ ಬಾಯಿಂದ ಹೆಂಡತಿಯೂ ಕೇಳಿದವಳಲ್ಲ. ಸತ್ತವರ ಹೆಸರೂ ನೆನಪಿರುವವನು. ನಾಲಗೆಗೆ ಆ ಮಾತಿನ ರುಚಿ ಹೊಸದು, ಔಷಧಿ ಚೀಟಿ ನೆಕ್ಕಿದ ಹಾಗೆ ಸಪ್ಪಗೆ, ಒಗರೊಗರಾಗಿ.

ನೆನಪು ಹೇಗಿತ್ತೆಂದರೆ, ಆ ಸಾಲು ಓದಿದ ದಿನ ಗಡಿಬಿಡಿ ತೊಟ್ಟಿದ್ದ ಬಟ್ಟೆಯ ಗೀಟುಗಳೂ ನೆನಪಿದ್ದವು. ಅದಕ್ಕೂ ಮುಂಚಿನದು ಇನ್ನೂ ಚೆನ್ನಾಗಿ. ಆಸ್ಪತ್ರೆಯ ಆಡಳಿತದವರು ಕೆಲಸ ನೋಡಲು ಬಂದಿದ್ದರು, ಎಲ್ಲರೂ ಒಗೆದ ಅಂಗಿ ತೊಟ್ಟಿದ್ದರು. ಟೆಸ್ಟು ಎಷ್ಟು ಸರಳವೆಂದು ತೋರಿಸಲು ಮ್ಯಾನೇಜರು ದೊಡ್ಡಪ್ಪನನ್ನು ಮುಂದೆ ನಿಲ್ಲಿಸಿ ಗಡಿಬಿಡಿಯ ಕೈಲಿ ಸಾಲುಗಳನ್ನು ಓದಿಸಿ, ಅವನಿಂದ ಹೂಂ ಅನ್ನಿಸಿದರು. ಅಷ್ಟಾಗುವಾಗ ಬಂದವರಲ್ಲಿ ಒಬ್ಬರು ಏನೋ ಕೇಳಬೇಕೆಂದು ಕೈಯೆತ್ತಿದರು. ಮ್ಯಾನೇಜರು ಅವರ ಹೆಸರು ಹೇಳಿದ್ದೇ ತಡ, ದೊಡ್ಡಪ್ಪನಿಗೆ ಏನಾಯಿತೋ, ಎದೆ ತುಂಬ ಉಸಿರೆಳೆದು ಆ ಹೆಸರನ್ನು ಹಾಲಿನ ಕೊನೆಗೆ ಮುಟ್ಟುವಂತೆ ಕೂಗಿ, ಒಳಗೆ ಬನ್ನಿ, ಚಪ್ಪಲಿ ಹೊರಗೆ ಎಂದುಬಿಟ್ಟ. ಎಲ್ಲರೂ ಸೂರು ಹಾರಿಹೋಗುವಂತೆ ನಕ್ಕರು. ಕೈಯೆತ್ತಿದವರು ನಿಜವಾಗಿಯೂ ಚಪ್ಪಲಿ ಬಿಚ್ಚಲು ಬಗ್ಗಿದ್ದರು. ದೊಡ್ಡಪ್ಪನನ್ನು ಮನೆಗೆ ಕಳಿಸಬಹುದು, ದೊಡ್ಡಪ್ಪನೊಳಗಿನ ವಾರ್ಡನ್ನು ಕಳಿಸೋಕಾಗಲ್ಲ ಎಂದು ಮ್ಯಾನೇಜರು ಹೇಳಿದ್ದಕ್ಕೆ ಮತ್ತೊಂದು ಸುತ್ತು ನಗೆ. ಅವನೂ ನಕ್ಕ, ನಗಬೇಕಲ್ಲ. ನಗುತ್ತ ನೋಡಿದರೆ ಗಡಿಬಿಡಿ ಮೇಜಿಗೆ ಹಣೆಯಿಟ್ಟು ಭುಜ ಕುಣಿಸುತ್ತ ನಗುತ್ತಿದ್ದಳು. ಕಣ್ಣೀರು ಒರೆಸಿಕೊಂಡಳು. ಬೇರೆಯವರ ನಗು ಸಂಜೆಗೆ ಮರೆಯಿತು. ಅವಳ ಭುಜ ಮರೆಯಲಿಲ್ಲ.

ಅದಾದ ಮೇಲೆ ಅವಳು ಕುರ್ಚಿ ಎಳೆದುಕೊಂಡು ಬಂದು, ಒಂದು ಸಾಲು ಬದಲಾಯಿಸಿದೀನಿ ದೊಡ್ಡಪ್ಪ, ಕೇಳಿ ಎಂದಿದ್ದಳು. ಯಾವಾಗಲೂ ಇಲ್ಲದ ನಿಧಾನ ಅವಳ ದನಿಯಲ್ಲಿತ್ತು. ಹಳೆಯ ಸಾಲು ಅವನಿಗೆ ಬಾಯಿಪಾಠವಾಗಿತ್ತು. ಸರದಿ ಕೊಟ್ಟ ಪ್ರತಿಯೊಬ್ಬರ ಹೆಸರೂ ಪಟ್ಟಿಯಲ್ಲಿ ಇರಬೇಕು. ಹೊಸದು: ಪಟ್ಟಿ ಖಾಲಿ ಇರಬಾರದು. ಇಷ್ಟೇ. ದೊಡ್ಡಪ್ಪನ ಕಣ್ಣ ಮುಂದೆ ವಾರ್ಡಿನ ಹಾಲು ಬಂದು ನಿಂತಿತು. ಖಾಲಿಯಲ್ಲದ ಹಾಲು ಅಂದರೆ ಎಲ್ಲರೂ ಇರುವ ಹಾಲೇ? ಒಬ್ಬನಿದ್ದರೂ ಅದು ಖಾಲಿಯಲ್ಲ. ಇದನ್ನು ಹೇಳಲು ವಿದ್ಯೆ ಬೇಕಿರಲಿಲ್ಲ, ಬಾಯಿ ತೆರೆದರೆ ಸಾಕಿತ್ತು, ತೆರೆಯಲೂ ಹೊರಟಿದ್ದ. ಅಷ್ಟರಲ್ಲಿ ಆ ಭುಜ ನೆನಪಾಯಿತು. ಓದಿದವರು, ದೊಡ್ಡವರು, ನೀವೇ ಮಾಡಿಕೊಳ್ಳಿ. ವಾರ್ಡನ್ನು ಒಳಗಿಟ್ಟುಕೊಂಡ ಮುದುಕನನ್ನು ಯಾಕೆ ಕೇಳುತ್ತೀರಿ? ಅದರ ಕೆಳಗೆ ಇನ್ನೂ ಒಂದು ಇತ್ತು, ನಿನ್ನೆ ರಾತ್ರಿಯವರೆಗೆ ಅದನ್ನು ಮುಖಾಮುಖಿ ನೋಡಿರಲಿಲ್ಲ. ಎಡವಲಿ ಪರದೆ. ಒಂದು ಸಲ ಎಡವಲಿ, ಆಗ ಕೂಗುವವನು ಎಲ್ಲಿ ಎಂದು ಹುಡುಕಲಿ. ಅವಳು ಕಾಯುತ್ತಿದ್ದಳು, ಪೆನ್ನಿನ ತುದಿ ಕಚ್ಚಿಕೊಂಡು. ಬೇಡ ಅನ್ನಲಿ ಎಂದು ಕಾಯುತ್ತಿದ್ದಳೋ ಏನೋ. ಅವನು ಹೂಂ ಅಂದ. ಅವಳು ಉಸಿರು ಬಿಟ್ಟಳು, ಕುರ್ಚಿ ತಿರುಗಿಸಿದಳು, ಹಸಿರು ಬಂತು.

ಈಗ ಅವಳ ಮೇಜು ಕಿಟಕಿಯ ಹತ್ತಿರ ಇದ್ದಲ್ಲೇ ಇತ್ತು. ಕಣ್ಣುಗಳು ಕೆಂಪಗಿದ್ದವು. ಟೈಪು ಮಾಡುತ್ತಿರಲಿಲ್ಲ, ಕೈಗಳು ತೊಡೆಯ ಮೇಲಿದ್ದವು. ಅವಳ ಕೈಗಳು ಸುಮ್ಮನಿದ್ದದ್ದನ್ನು ಅವನು ನೋಡಿದ್ದೇ ಇಲ್ಲ. ಹೇಳಿಬಿಡಬೇಕು ಎಂದು ಹತ್ತಿರ ಹೋದ. ನೀರು ಬೇಕಾ ಅಮ್ಮಾ ಎಂದು ಕೇಳಿ ಬಂದ. ಮತ್ತೆ ಹೋದ. ಈ ಸಲ ಅವಳೇ ತಲೆಯೆತ್ತಿ, ಮೇಷ್ಟ್ರನ್ನ ನಿಮಗೆ ಗೊತ್ತಿತ್ತಾ ದೊಡ್ಡಪ್ಪ ಎಂದಳು. ಗೊತ್ತಿತ್ತು ಅಂದ. ಹೇಗಿದ್ದರು ಎಂದಳು. ಎಡಗಡೆ ಮಾತಾಡಬೇಕು ಎಂದು ಮಾತ್ರ ಹೇಳಲು ಸಾಧ್ಯವಾಯಿತು. ಅವರಿಗೆ ಬೆಳಿಗ್ಗೆ ಎಚ್ಚರ ಬಂದಿದೆಯಂತೆ, ಆಸ್ಪತ್ರೆಯಿಂದ ಹೇಳಿದರು ಎಂದಳು. ಎಚ್ಚರ ಬಂದವರೇ, ಯಾರನ್ನೂ ಬೈಬೇಡಿ, ಬಾಯಿಬಿಟ್ಟು ಕೇಳದೆ ಎದ್ದು ಬಂದದ್ದು ನನ್ನದೇ ತಪ್ಪು ಅಂದರಂತೆ. ದೊಡ್ಡಪ್ಪನಿಗೆ ಕೂರಬೇಕೆನಿಸಿತು, ಆದರೆ ಕೂತರೆ ಅದು ಅವಳ ಪಕ್ಕ ಕೂತ ಹಾಗಾಗುತ್ತದೆ, ಅವಳ ಕಡೆಯವನ ಹಾಗೆ. ಅವಳು ದನಿ ಇಳಿಸಿ, ನನಗೆ ಒಂದೇ ಧೈರ್ಯ ದೊಡ್ಡಪ್ಪ, ನಾನು ಕದ್ದು ಮಾಡಿಲ್ಲ, ನಿಮಗೆ ಓದಿ ಹೇಳಿದೀನಿ, ನೀವು ಹೇಳ್ತೀರಲ್ಲ ಎಂದಳು. ಮೆಟ್ಟಿಲಲ್ಲಿ ನಡೆದದ್ದು ಅವಳಿಗೆ ಇನ್ನೂ ತಲುಪಿರಲಿಲ್ಲ. ಅವನ ಗಂಟಲಿನಲ್ಲಿ ಆ ಸಲೀಸಾದ ಸದ್ದು ಮತ್ತೆ ಬಂದು ನಿಂತಿತು. ಅದನ್ನು ನುಂಗಿದ. ಅವಳು ಅವನನ್ನು ನೋಡುತ್ತಲೇ ಇದ್ದಳು. ಅವನು ವಾಷರಿನ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೋ ಎಂದು ಯೋಚಿಸುತ್ತ ಅಲ್ಲಿಂದ ಹೊರಟ. ಇಂಥ ಹೊತ್ತಿನಲ್ಲೂ ವಾಷರು ನೆನಪಾಗುತ್ತದಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಆಸ್ಪತ್ರೆಯ ಮೇಡಂ ಮಾತು ಕಡಿಮೆಯವರು. ಉದ್ದ ಮೇಜಿನ ಆಚೆ ಕೂತು, ತಪ್ಪು ಎಲ್ಲರೂ ಮಾಡುತ್ತಾರೆ, ನನಗೆ ಬೇಕಾಗಿರುವುದು ಒಂದೇ, ಇದು ಕೈತಪ್ಪೋ, ಕಣ್ತಪ್ಪಿಸಿ ಮಾಡಿದ್ದೋ, ಕಣ್ತಪ್ಪಿಸಿ ಮಾಡಿದವರ ಕೈಯಲ್ಲಿ ನಮ್ಮ ರೋಗಿಗಳನ್ನು ಬಿಡಲಾರೆ ಎಂದರು. ಗಡಿಬಿಡಿ ಎಲ್ಲ ಒಪ್ಪಿಕೊಂಡಳು. ಟೆಸ್ಟು ಒಮ್ಮೆ ಕೆಂಪು, ಒಮ್ಮೆ ಹಸಿರು ಬರುತ್ತಿತ್ತು, ಯಾಕೆಂದು ತಿಳಿಯಲಿಲ್ಲ, ಟೆಸ್ಟೇ ಸರಿಯಿಲ್ಲ ಎಂದುಕೊಂಡೆ, ಗಡುವು ಹತ್ತಿರವಿತ್ತು, ಆಮೇಲೆ ನೋಡೋಣ ಎಂದು ಸಡಿಲ ಮಾಡಿದೆ. ಆದರೆ ಓದಿ ಹೇಳಿದ ಮೇಲೇ ಸೇರಿಸಿದ್ದು. ಮ್ಯಾನೇಜರು ಕೆಮ್ಮಿ, ಆ ವಿಷಯ ನಾನು ವಿಚಾರಿಸಿದೆ, ದೊಡ್ಡಪ್ಪನಿಗೆ ಅಂಥದ್ದೇನೂ ನೆನಪಿಲ್ಲವಂತೆ ಅಂದರು. ಗಡಿಬಿಡಿ ಅವನತ್ತ ತಿರುಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ, ಬರೀ ತಿಳಿಯದಿರುವುದು. ತನ್ನ ಹೆಸರು ಯಾಕೆ ಬರಲಿಲ್ಲವೆಂದು ಪರದೆ ನೋಡುತ್ತ ಕೂತವರ ಮುಖ ಹೀಗೆಯೇ ಇದ್ದಿರಬೇಕು. ದೊಡ್ಡಪ್ಪ ಎದ್ದು ನಿಂತ. ಯಾಕೆ ಎದ್ದೆನೆಂದು ಅವನಿಗೇ ತಿಳಿಯಲಿಲ್ಲ, ಕೂತೂ ಹೇಳಬಹುದಿತ್ತು.

"ಓದಿದ್ದಳು. ನನಗೆ ಚೆನ್ನಾಗಿ ನೆನಪಿದೆ. ಮೊದಲು ಎಲ್ಲರ ಹೆಸರೂ ಇರಬೇಕು ಅಂತಿತ್ತು, ಆಮೇಲೆ ಖಾಲಿ ಇರಬಾರದು ಅಂತಾಯ್ತು. ನನಗೆ ಆಗಲೇ ಗೊತ್ತಾಯ್ತು ಇದು ಸಾಲದು ಅಂತ. ಗೊತ್ತಿದ್ದೂ ಹೂಂ ಅಂದೆ. ಬೆಳಿಗ್ಗೆ ಸುಳ್ಳು ಹೇಳಿದೆ."

ಮ್ಯಾನೇಜರು ನಗಲು ನೋಡಿ, ಮೇಡಂ, ದೊಡ್ಡಪ್ಪ ದೊಡ್ಡ ಮನಸ್ಸಿನವರು, ಅವಳನ್ನು ಉಳಿಸಲು ಹೇಳುತ್ತಿದ್ದಾರೆ, ನಿಜ ಹೇಳಬೇಕೆಂದರೆ ಅವರ ಹೂಂ ಅನ್ನು ನಾವು ಅಷ್ಟು ತೂಕಕ್ಕೆ ಹಿಡಿದೇ ಇರಲಿಲ್ಲ, ಅದೊಂದು ಪದ್ಧತಿ, ನೋಡೋಕೆ ಚೆನ್ನಾಗಿರುತ್ತೆ ಅಂತ ಎಂದರು. ದೊಡ್ಡಪ್ಪನ ಮೈಯ ಭಾರವೆಲ್ಲ ಇಳಿಯಿತು. ತೂಕವಿಲ್ಲದ ಹೂಂಗೆ ತಪ್ಪೂ ಇಲ್ಲ. ಕೂತುಬಿಡಬಹುದು, ಮನೆಗೆ ಹೋಗಬಹುದು. ಈ ಹಗುರ ಎಷ್ಟು ಹಿತವಾಗಿತ್ತೆಂದರೆ ಮಂಡಿ ತಾನಾಗಿ ಬಗ್ಗಿತು. ಆಗ ಗಡಿಬಿಡಿ, ಯಾರನ್ನೂ ನೋಡದೆ, ಮೇಜಿಗೆ ಹೇಳುವಂತೆ ಹೇಳಿದಳು.

"ನಾನು ತೂಕಕ್ಕೆ ಹಿಡಿದಿದ್ದೆ. ಅವರು ಹೂಂ ಅಂದ ಮೇಲೆ ನಾನು ಆ ರಾತ್ರಿ ನಿದ್ದೆ ಮಾಡಿದೆ."

ಮೇಡಂ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. ಕದ್ದು ಮಾಡಿದ್ದಲ್ಲ ಎನ್ನುವುದು ತಿಳಿಯಿತು ಎಂದರು. ಅದಕ್ಕಿಂತ ಒಳ್ಳೆಯದೇನೂ ತಿಳಿಯಲಿಲ್ಲ ಎಂದೂ ಸೇರಿಸಿದರು. ಇವತ್ತು ಸರಿಮಾಡಿ ಮುಗಿಸಿ, ಅಲ್ಲಿಯವರೆಗೆ ಪರದೆ ಆರಿಸಿಟ್ಟು ವಾರ್ಡಿನವರಿಂದಲೇ ಕೂಗಿಸುತ್ತೇನೆ ಎಂದು ಎದ್ದರು.

ಓಣಿಯಂಥ ಹಾದಿಯಲ್ಲಿ ಗಡಿಬಿಡಿ ಅವನಿಗೆ ಬೆನ್ನು ಹಾಕಿ ನಿಂತಿದ್ದಳು. ಯಾಕೆ ಎಂದಳು. ಅವನು ನಗುವಿನ ದಿನದ್ದು ಹೇಳಿದ, ಅವಳ ಭುಜದ ಬಗ್ಗೆ ಹೇಳಿದ. ಹೇಳುತ್ತಿದ್ದಂತೆ ಅದು ಎಷ್ಟು ಸಣ್ಣದೆಂದು ಕಂಡಿತು, ಮಕ್ಕಳು ಠೂ ಬಿಡುವ ಹಾಗೆ. ಅಲ್ಲಿಗೇ ನಿಲ್ಲಿಸಿದ್ದರೆ ಅವಳು ಕ್ಷಮಿಸುತ್ತಿದ್ದಳೋ ಏನೋ, ಅವಳ ಕತ್ತು ಸ್ವಲ್ಪ ಸಡಿಲವಾಗಿತ್ತು. ಆದರೆ ನಿಲ್ಲಿಸಿದರೆ ಅದೂ ಪಟ್ಟಿ ಖಾಲಿ ಇರಬಾರದು ಎನ್ನುವಂಥ ಅರ್ಧ ಮಾತೇ ಆಗುತ್ತದೆ. ಆದ್ದರಿಂದ ನಿನ್ನೆಯ ಫೋನನ್ನೂ ಹೇಳಿದ. ಹೆಸರು ಕೇಳುವ ಮೊದಲು ಹೊಟ್ಟೆ ತಣ್ಣಗಾದದ್ದು. ಆ ಪರದೆ ಎಡವಲಿ ಎಂದು ತಾನು ಕಾಯುತ್ತಿದ್ದದ್ದು. ಅವಳು ತಿರುಗಿದಳು. ನಾನು ಆವತ್ತು ನಕ್ಕದ್ದು ತಪ್ಪು ಎಂದಳು, ಚುಟುಕಾಗಿ, ಕೆಲಸಗಾರರು ಲೆಕ್ಕ ಚುಕ್ತಾ ಮಾಡುವ ಹಾಗೆ. ನಿಮ್ಮದು ಅದಕ್ಕೆ ಸರಿಹೋಗಲ್ಲ ಎಂದಳು. ಹೌದು ಎಂದ. ಬನ್ನಿ, ಕೆಲಸ ಇದೆ ಎಂದಳು.

ಸಂಜೆಯ ಬಿಸಿಲು ಕೀಲಿಮಣೆಯ ಮೇಲೆ ಓರೆಯಾಗಿ ಬಿದ್ದಿತ್ತು. ಅವಳು ಹೊಸ ಸಾಲುಗಳನ್ನು ಬರೆದು ಮುಗಿಸುವವರೆಗೆ ಅವನು ಪಕ್ಕದ ಕುರ್ಚಿಯಲ್ಲಿ ಕಾದ. ಓದುವ ಮುಂಚೆ ಅವಳು, ಇನ್ನು ಹೂಂ ಬೇಡ, ನಿಮಗೆ ಏನು ಅರ್ಥ ಆಯ್ತೋ ಅದನ್ನ ಹೇಳಿ ಎಂದಳು. ಒಂದೇ ಹೊತ್ತಿಗೆ ಇಬ್ಬರಿಗೆ ಸರದಿ ಕೊಟ್ಟರೆ ಇಬ್ಬರ ಹೆಸರೂ ಪಟ್ಟಿಯಲ್ಲಿ ಇರಬೇಕು ಎಂದು ಓದಿದಳು. ಅವನು ಹೇಳಿದ, ಯಾರ ಜಾಗದಲ್ಲೂ ಯಾರೂ ಕೂರುವ ಹಾಗಿಲ್ಲ. ಸರಿ. ಸರದಿ ಕೊಟ್ಟ ಪ್ರತಿಯೊಬ್ಬರ ಹೆಸರೂ ಸಂಜೆಯೊಳಗೆ ಒಂದು ಸಲ ಪರದೆಗೆ ಬಂದಿರಬೇಕು. ಅವನು ಹೇಳಿದ, ಕೂಗಿಸಿಕೊಳ್ಳದೆ ಯಾರೂ ಮನೆಗೆ ಹೋಗಬಾರದು. ಸರಿ. ಅವಳು ಅದೇ ದನಿಯಲ್ಲಿ ಮುಂದಿನದು ಓದಿದಳು. ಒಬ್ಬರನ್ನು ಒಳಗೆ ಕರೆದ ಮೇಲೆ ಪಟ್ಟಿ ಮೊದಲಿಗಿಂತ ಉದ್ದ ಇರಬಾರದು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡ. ಹಾಲು ಬಂತು, ಕುರ್ಚಿಗಳು ಬಂದವು, ಒಬ್ಬರು ಎದ್ದು ಒಳಗೆ ಹೋದರು, ಅವರ ಜೊತೆಗೆ ಇನ್ನೂ ಇಬ್ಬರ ಹೆಸರು ಅಳಿಸಿಹೋಯಿತು. ಆಗಲೂ ಪಟ್ಟಿ ಉದ್ದವಾಗಲಿಲ್ಲ, ಆಗಲೂ ಹಸಿರು.

"ಇದು ಸಾಲದಮ್ಮ. ಹೋದವರ ಹೆಸರು ಮಾತ್ರ ಹೋಗಬೇಕು. ಉಳಿದವರೆಲ್ಲ ಹಾಗೇ ಇರಬೇಕು."

ಅವಳಿಗೆ ಆಶ್ಚರ್ಯವಾಗಲಿಲ್ಲ. ತಿದ್ದಲು ಕೈ ಎತ್ತಲೂ ಇಲ್ಲ, ಬೆರಳಿನಿಂದ ಪುಟ ಸ್ವಲ್ಪ ಸರಿಸಿದಳಷ್ಟೇ. ಕೆಳಗೆ ಇನ್ನೊಂದು ಸಾಲು ಆಗಲೇ ಬರೆದಿಟ್ಟು ಕಾಯುತ್ತಿತ್ತು. ಅಕ್ಷರ ಕೂಡಿಸಿಕೊಂಡು ನೋಡಿದರೆ ಅವನು ಹೇಳಿದ್ದೇ ಅದರಲ್ಲಿತ್ತು. ದೊಡ್ಡಪ್ಪನಿಗೆ ಅರ್ಥವಾಯಿತು. ಇವತ್ತಿನದು ಇದೊಂದು. ನಾಳೆ ಇನ್ನೊಂದು ಇರುತ್ತದೆ, ನಾಡಿದ್ದು ಮತ್ತೊಂದು. ಈ ಕುರ್ಚಿಯಲ್ಲಿ ಕೂರುವಷ್ಟು ದಿನವೂ ಅವಳು ಓದುವ ಸಾಲುಗಳ ನಡುವೆ ತನಗೆಂದೇ ಬರೆದ ಸುಳ್ಳುಸಾಲು ಒಂದು ಇರುತ್ತದೆ, ಎಲ್ಲಿದೆ ಎಂದು ಅವಳಿಗೆ ಮಾತ್ರ ಗೊತ್ತಿರುತ್ತದೆ. ಬೇಡವೆಂದು ಎದ್ದು ಹೋಗಬಹುದಿತ್ತು. ಕಿವಿ ಅವಳತ್ತ ಮಾಡಿ, ಮುಂದಿನದು ಓದಮ್ಮ ಅಂದ. ಅವಳು ಓದಿದಳು. ಓದುವಾಗ ಅವಳ ಕಣ್ಣು ಸಾಲಿನ ಮೇಲಿರಲಿಲ್ಲ, ಅವನ ಮುಖದ ಮೇಲಿತ್ತು.